ಸಂಪಿನ ಮೋಟಾರನ್ನು ಕಂಪ್ಯೂಟರ್‌ನಿಂದ ನಡೆಸಲು ನೀಲಿ ರಿಲೇ ಬೋರ್ಡ್ ಸಾಕೇ?

ಅಂಗಳದ ದೀಪ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಅಂತಸ್ತಿನ ಮನೆ. ನಲ್ಲಿ ನೀರು ಸಂಪಿಗೆ ಬೀಳುತ್ತದೆ. ಅಲ್ಲಿಂದ 1 ಹೆಚ್‌ಪಿ ಸಿಂಗಲ್ ಫೇಸ್ ಮೋಟಾರ್ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಮನೆಯಲ್ಲಿ ವಯಸ್ಸಾದ ಅತ್ತೆ, ಮಾವ ಇರುತ್ತಾರೆ. ಮೋಟಾರ್ ಹಾಕಿ ಮರೆತರೆ ಟ್ಯಾಂಕ್ ತುಂಬಿ ನೀರು ಬೀದಿಗೆ ಹರಿಯುತ್ತದೆ; ಸಂಪು ಬರಿದಾದರೆ ಮೋಟಾರ್ ನೀರಿಲ್ಲದೆ ಓಡುತ್ತದೆ.

ಹಗಲಿರುಳು ಚಾಲೂ ಇರುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಒಂದು ಮನೆಯಲ್ಲಿದೆ, ನನಗೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯಲು ಬರುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ನಾಲ್ಕು ರಿಲೇಗಳ (ಸಣ್ಣ ಕರೆಂಟ್‌ನಿಂದ ಹಾಕಿ ತೆಗೆಯಬಹುದಾದ ಸ್ವಿಚ್‌ಗಳ) ನೀಲಿ ಬೋರ್ಡ್ ತಂದಿದ್ದೇನೆ. ಪ್ರತಿ ರಿಲೇ ಮೇಲೂ 10 ಆಂಪಿಯರ್, 250 ವೋಲ್ಟ್ ಎಂದು ಅಚ್ಚಾಗಿದೆ. ಮೋಟಾರ್‌ಗೆ ಹೋಗುವ ಫೇಸ್ ತಂತಿಯನ್ನು ಕತ್ತರಿಸಿ ಒಂದು ರಿಲೇ ಮೂಲಕ ಹಾಯಿಸಿದರೆ ಸಾಕೇ? ಇನ್ನೊಂದು ರಿಲೇಯಲ್ಲಿ ಅಂಗಳದ ದೀಪವನ್ನು ಸಂಜೆ ಹೊತ್ತಿಸುವ ಆಸೆಯೂ ಇದೆ.

ಪ್ಯಾನಲ್ ಬೋರ್ಡ್, ಹುಬ್ಬಳ್ಳಿ

ದೀಪಕ್ಕೆ ಸಾಕು. ಮೋಟಾರ್‌ಗೆ ಬೇಡ, ದಯವಿಟ್ಟು ಬೇಡ.

ನಾನು ಪರವಾನಗಿ ಪಡೆದ ವೈರ್‌ಮನ್, ಪಂಪ್ ಪ್ಯಾನಲ್‌ಗಳದ್ದೇ ಕೆಲಸ. ರಿಲೇ ಮೇಲೆ ಅಚ್ಚಾದ 10 ಆಂಪಿಯರ್ ಹೀಟರ್, ಇಸ್ತ್ರಿಪೆಟ್ಟಿಗೆಯಂಥ ಲೋಡ್‌ಗೆ ಸಲ್ಲುವ ಲೆಕ್ಕ. 1 ಹೆಚ್‌ಪಿ ಎಂದರೆ ಶಾಫ್ಟ್‌ನಲ್ಲಿ ಸಿಗುವ 746 ವ್ಯಾಟ್. ಅಷ್ಟು ಕೊಡಲು ಮೋಟಾರ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ, ಓಡುವಾಗಲೇ ಸುಮಾರು 6-7 ಆಂಪಿಯರ್. ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಆ ಹೊಡೆತಕ್ಕೆ ರಿಲೇಯ ಪುಟ್ಟ ಕಾಂಟ್ಯಾಕ್ಟ್‌ಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ನಿಮ್ಮ ಪೈಥಾನ್ ‘ಆಫ್’ ಎಂದರೂ, ಬೋರ್ಡಿನ ಕೆಂಪು ಎಲ್‌ಇಡಿ ಆರಿದರೂ ಮೋಟಾರ್ ಓಡುತ್ತಲೇ ಇರುತ್ತದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಅಪಾಯ ಇರುವುದು ಅಲ್ಲೇ.

ಮಾಡಬೇಕಾದದ್ದು ಇಷ್ಟು. ಮೋಟಾರ್‌ಗೆ ಕಾಂಟ್ಯಾಕ್ಟರ್, ಅಂದರೆ ಭಾರಿ ಕರೆಂಟ್‌ಗೆಂದೇ ಮಾಡಿದ ದೊಡ್ಡ ರಿಲೇ, ಹಾಕಿ. ಅದರ ಮೇಲೆ ಎಸಿ-1, ಎಸಿ-3 ಎಂಬ ಎರಡು ಲೆಕ್ಕ ಬರೆದಿರುತ್ತಾರೆ. ಮೋಟಾರ್‌ಗೆ ನೋಡಬೇಕಾದದ್ದು ಎಸಿ-3. 9 ಆಂಪಿಯರ್‌ನದ್ದು ನಿಮಗೆ ಸಾಕಾಗಬಹುದು, ಮೋಟಾರ್‌ನ ನಾಮಫಲಕ ನೋಡಿ ಖಚಿತಪಡಿಸಿಕೊಳ್ಳಿ. ನೀರಿನ ಬಳಿ ಇರುವ ಯಂತ್ರವಾದ್ದರಿಂದ ಫೇಸ್, ನ್ಯೂಟ್ರಲ್ ಎರಡನ್ನೂ ಕಾಂಟ್ಯಾಕ್ಟರ್‌ನಿಂದಲೇ ಕಡಿಯಿರಿ. ಕೆಳಗೆ, ಮೋಟಾರ್ ಮಿತಿಮೀರಿ ಕರೆಂಟ್ ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇ ಇರಲಿ. ಅದು ಮೂರು ಫೇಸ್‌ಗೆಂದು ಮಾಡಿದ್ದಾಗಿದ್ದರೆ ಮೂರೂ ದಾರಿಯಲ್ಲಿ ಕರೆಂಟ್ ಹರಿಯುವಂತೆ ಸರಣಿಯಲ್ಲಿ ಜೋಡಿಸಬೇಕು, ಇಲ್ಲವಾದರೆ ಒಂದು ಫೇಸ್ ಹೋಗಿದೆ ಎಂದು ತಿಳಿದು ಕಾರಣವಿಲ್ಲದೆ ಟ್ರಿಪ್ ಆಗುತ್ತದೆ. ನಿಮ್ಮ ನೀಲಿ ರಿಲೇಗೆ ಕಾಂಟ್ಯಾಕ್ಟರ್‌ನ ಕಾಯಿಲ್ (ಅದನ್ನು ಮುಚ್ಚುವ ವಿದ್ಯುತ್ಕಾಂತದ ಸುರುಳಿ) ಎಳೆಯುವ ಕೆಲಸ ಮಾತ್ರ ಕೊಡಿ.

ಜೋಡಣೆ ನಮ್ಮ ಹಳೆಯ ಸ್ಟಾರ್ಟರ್‌ನದ್ದೇ ಆಗಲಿ. ಹಸಿರು ಗುಂಡಿ ಒತ್ತಿದರೆ ಕಾಂಟ್ಯಾಕ್ಟರ್ ಕಚ್ಚಿಕೊಳ್ಳುತ್ತದೆ, ತನ್ನದೇ ಸಹಾಯಕ ಕಾಂಟ್ಯಾಕ್ಟ್ ಮೂಲಕ ತನ್ನನ್ನು ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದರೆ ಬಿಡುತ್ತದೆ. ಮತ್ತೆ ಬಂದಾಗ ತಾನಾಗಿ ಹೊರಡುವುದಿಲ್ಲ. ಇದಕ್ಕಿಂತ ಒಳ್ಳೆಯ ಗುಣ ಬೇರೆ ಬೇಕಿಲ್ಲ. ಹಸಿರು ಗುಂಡಿಗೆ ಸಮಾನಾಂತರವಾಗಿ ನಿಮ್ಮ ಒಂದು ರಿಲೇ ಹಾಕಿ, ಅರ್ಧ ಸೆಕೆಂಡು ಮುಚ್ಚಿ ತೆರೆದರೆ ಮೋಟಾರ್ ಹೊರಟಿತು. ಕೆಂಪು ಗುಂಡಿಗೆ ಸರಣಿಯಲ್ಲಿ ಇನ್ನೊಂದು ರಿಲೇ ನಿಲ್ಲಿಸಲು.

ಒಂದು ಎಚ್ಚರಿಕೆ. ಸಬ್‌ಮರ್ಸಿಬಲ್ ಪಂಪಿನ ಜೊತೆ ಕೊಡುವ ಅಗ್ಗದ ಡಬ್ಬಿಗಳಲ್ಲಿ ಕಾಂಟ್ಯಾಕ್ಟರ್ ಇರುವುದೇ ಇಲ್ಲ. ಹಸಿರು ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿದಷ್ಟು ಹೊತ್ತು ಸ್ಟಾರ್ಟ್ ಕೆಪಾಸಿಟರ್ ಸೇರಿರುತ್ತದೆ, ಅಷ್ಟೇ. ಆ ಗುಂಡಿಗೆ ನೀಲಿ ರಿಲೇ ಸೇರಿಸಿದರೆ ಪೂರ್ತಿ ಸ್ಟಾರ್ಟಿಂಗ್ ಕರೆಂಟ್ ಅದರ ಮೇಲೆಯೇ ಬೀಳುತ್ತದೆ. ಮುಚ್ಚಳ ತೆಗೆದು ನೋಡದೆ ಮುಂದುವರಿಯಬೇಡಿ.

ಅಂಗಳದ ದೀಪ, ಮೈಸೂರು

ತುಂಬಾ ಧನ್ಯವಾದ ಸರ್. ನಮ್ಮದು ಮೊನೊಬ್ಲಾಕ್ ಪಂಪ್, ಸ್ಟಾರ್ಟರ್ ಇಲ್ಲ, ಗೋಡೆಯ 16 ಆಂಪಿಯರ್ ಸ್ವಿಚ್ಚಿನಿಂದಲೇ ಹಾಕುತ್ತೇವೆ. ಹಾಗಾಗಿ ಹೊಸ ಪ್ಯಾನಲ್ಲೇ ಮಾಡಿಸಬೇಕು. ಒಂದು ಸಂದೇಹ: ಮೋಟಾರ್ ಓಡುತ್ತಿರುವಾಗಲೇ ಪೈ ಸ್ತಬ್ಧವಾಗಿಬಿಟ್ಟರೆ? ನಿಲ್ಲಿಸುವ ರಿಲೇಗೆ ಆದೇಶ ಕೊಡುವವರು ಯಾರು?

ಪ್ರಯೋಗಶಾಲೆ, ದಾವಣಗೆರೆ

ಇಡೀ ಯೋಜನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ನಮ್ಮ ವಿದ್ಯಾರ್ಥಿಗಳು ಇದನ್ನೇ ಪ್ರಿಂಟರ್ ಪೋರ್ಟಿನಿಂದ ಮಾಡುತ್ತಿದ್ದರು. 25 ಪಿನ್‌ಗಳ ಆ ಪ್ಯಾರಲಲ್ ಪೋರ್ಟಿನಲ್ಲಿ 2ರಿಂದ 9ನೆಯವರೆಗಿನ ಎಂಟು ಪಿನ್‌ಗಳು ಡೇಟಾ. ವಿಳಾಸ ಸಾಮಾನ್ಯವಾಗಿ ಹೆಕ್ಸ್ 378. ಅಲ್ಲಿಗೆ ಒಂದು ಬೈಟ್ ಬರೆದರೆ ಎಂಟು ರಿಲೇ ನಿಮ್ಮ ಕೈಯಲ್ಲಿ. ನಡುವೆ ಯುಎಲ್‌ಎನ್2803 ಎಂಬ ಚಿಪ್. ರಿಲೇ ಕಾಯಿಲ್ ಬಿಡುವಾಗ ಹುಟ್ಟುವ ವೋಲ್ಟೇಜ್ ಏರಿಕೆಯನ್ನು ನುಂಗುವ ಡಯೋಡ್‌ಗಳು ಅದರೊಳಗೇ ಇವೆ, 10ನೇ ಪಿನ್ನನ್ನು ರಿಲೇಯ ಸಪ್ಲೈಗೆ ಸೇರಿಸಲು ಮರೆಯಬಾರದು. ವಿಂಡೋಸ್ 98ರವರೆಗೆ ಪ್ರೋಗ್ರಾಂ ನೇರವಾಗಿ ಪೋರ್ಟನ್ನು ಮುಟ್ಟಬಹುದಿತ್ತು. ಎನ್‌ಟಿ, ಎಕ್ಸ್‌ಪಿಗಳಲ್ಲಿ ಪ್ರತ್ಯೇಕ ಡ್ರೈವರ್ ಇಲ್ಲದೆ ಬಿಡಲಿಲ್ಲ.

ಆಗಲೇ ಕಂಡ ತೊಂದರೆ ಎಂದರೆ, ಕಂಪ್ಯೂಟರ್ ಹೊರಡುವಾಗ ಆ ಪಿನ್‌ಗಳು ಮೇಲೆ ಕೆಳಗೆ ಆಡುತ್ತಿದ್ದವು. ಯಾರೂ ಆದೇಶ ಕೊಡದೆ ರಿಲೇಗಳು ಟಕಟಕ ಎನ್ನುತ್ತಿದ್ದವು. ಪ್ರೋಗ್ರಾಂ ಕೆಟ್ಟು ನಿಂತರೆ ಪಿನ್ ಕೊನೆಯ ಸ್ಥಿತಿಯಲ್ಲೇ ಉಳಿಯುತ್ತಿತ್ತು. ಇವತ್ತಿನ ಪೈ, ಇಎಸ್‌ಪಿ32 ಎಂಬ ವೈಫೈ ಚಿಪ್‌ಗಳಲ್ಲೂ ಸಮಸ್ಯೆಯ ಸ್ವರೂಪ ಬದಲಾಗಿಲ್ಲ.

ಅದಕ್ಕೆ ನಾವು ಕಲಿಸುತ್ತಿದ್ದ ಪರಿಹಾರ ಮಿಡಿತದ ಸರ್ಕ್ಯೂಟ್. ಒಂದು ಪಿನ್ನನ್ನು ಪ್ರೋಗ್ರಾಂ ಸತತವಾಗಿ ಮೇಲೆ ಕೆಳಗೆ ಮಾಡುತ್ತಿರಬೇಕು. ಆ ಮಿಡಿತ ಒಂದು ಕೆಪಾಸಿಟರ್ ದಾಟಿ, ಎರಡು ಡಯೋಡ್‌ಗಳ ಮೂಲಕ ಇನ್ನೊಂದು ಕೆಪಾಸಿಟರ್ ಅನ್ನು ತುಂಬಿಸುತ್ತದೆ. ಅದು ತುಂಬಿರುವವರೆಗೆ ಟ್ರಾನ್ಸಿಸ್ಟರ್ ‘ಅನುಮತಿ ರಿಲೇ’ಯನ್ನು ಹಿಡಿದಿರುತ್ತದೆ. ಪಿನ್ ಮೇಲೆಯೇ ನಿಂತರೂ ಸರಿ, ಕೆಳಗೇ ನಿಂತರೂ ಸರಿ, ಮೊದಲ ಕೆಪಾಸಿಟರ್ ಏನನ್ನೂ ದಾಟಿಸುವುದಿಲ್ಲ. ಎರಡು ಸೆಕೆಂಡಿನೊಳಗೆ ಚಾರ್ಜ್ ಸೋರಿ ರಿಲೇ ಬಿಡುತ್ತದೆ. ಆ ರಿಲೇಯ ಸಾಮಾನ್ಯವಾಗಿ ತೆರೆದಿರುವ ಕಾಂಟ್ಯಾಕ್ಟನ್ನು ಕಾಂಟ್ಯಾಕ್ಟರ್ ಕಾಯಿಲ್‌ಗೆ ಸರಣಿಯಲ್ಲಿ ಹಾಕಿ. ಆಗ ನಿಲ್ಲಿಸಲು ಪ್ರತ್ಯೇಕ ಆದೇಶವೇ ಬೇಡ. ಪೈ ಸತ್ತರೆ, ಅಡಾಪ್ಟರ್ ಕಳಚಿದರೆ, ತಂತಿ ತುಂಡಾದರೆ ಮೋಟಾರ್ ನಿಲ್ಲುತ್ತದೆ.

ಮಿಡಿತವನ್ನು ಹಾರ್ಡ್‌ವೇರ್ ಪಿಡಬ್ಲ್ಯೂಎಂನಿಂದ (ಚಿಪ್ ತಾನಾಗಿ ಹೊಮ್ಮಿಸುವ ಮಿಡಿತದಿಂದ) ಹುಟ್ಟಿಸಬೇಡಿ. ಪ್ರೋಗ್ರಾಂ ಸತ್ತ ಮೇಲೂ ಪಿಡಬ್ಲ್ಯೂಎಂ ತನ್ನ ಪಾಡಿಗೆ ಮಿಡಿಯುತ್ತಿರುತ್ತದೆ. ಟ್ಯಾಂಕಿನ ಮಟ್ಟವನ್ನು ಓದಿ, ನಿರ್ಧಾರ ತೆಗೆದುಕೊಳ್ಳುವ ಮುಖ್ಯ ಲೂಪ್‌ನ ಒಳಗಿನಿಂದಲೇ ಪಿನ್ ಬದಲಾಗಬೇಕು.

ಪ್ಯಾನಲ್ ಬೋರ್ಡ್, ಹುಬ್ಬಳ್ಳಿ

ಗುರುಗಳೇ, ಇದು ಬಹಳ ಒಳ್ಳೆಯ ಕ್ರಮ. ನಿಲ್ಲಿಸುವ ರಿಲೇಯ ಬದಲಿಗೆ ಅನುಮತಿ ರಿಲೇ, ಅದನ್ನೇ ಮಾಡಲಿ. ಕಾಯಿಲ್‌ನ ಎರಡು ತುದಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸ್ನಬ್ಬರ್ (ವೋಲ್ಟೇಜ್ ಏರಿಕೆ ತಗ್ಗಿಸುವ ಜೋಡಿ) ಕೂಡ ಇರಲಿ. ಕೆಪಾಸಿಟರ್ ಮೇಲೆ ಎಕ್ಸ್2 (ಫೇಸ್, ನ್ಯೂಟ್ರಲ್ ನಡುವೆ ಹಾಕಲು ಸುರಕ್ಷಿತ ಎಂಬ ಗುರುತು) ಎಂದು ಬರೆದಿರಲೇಬೇಕು. ಇದಿಲ್ಲದಿದ್ದರೆ ಕಾಂಟ್ಯಾಕ್ಟರ್ ಬಿಟ್ಟಾಗಲೆಲ್ಲ ಪೈ ರೀಸ್ಟಾರ್ಟ್ ಆಗುವ ದೂರು ಬರುತ್ತದೆ.

ತೆಂಗಿನ ತೋಟ, ತಿಪಟೂರು

ತೋಟದ ಅನುಭವದಿಂದ ಎರಡು ಮಾತು. ನಮ್ಮ ಕಡೆ ಕೃಷಿ ಪಂಪ್‌ಸೆಟ್‌ಗೆ ಮೂರು ಫೇಸ್ ಕರೆಂಟ್ ಕೊಡುವುದೇ ಕೆಲವು ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಹಾಗಾಗಿ ಸ್ಟಾರ್ಟರನ್ನು ಆಟೋ ಸ್ಥಿತಿಯಲ್ಲಿ, ಅಂದರೆ ಕರೆಂಟ್ ಬಂದಾಗ ತಾನಾಗಿ ಹೊರಡುವಂತೆ ಇಟ್ಟು ಮಲಗುವುದು ರೂಢಿ. ಮೊಬೈಲ್ ಸಿಮ್ ಹಾಕಿದ ಸ್ಟಾರ್ಟರ್‌ಗಳೂ ಬಂದಿವೆ, ಕರೆ ಮಾಡಿದರೆ ಮೋಟಾರ್ ಹೊರಡುತ್ತದೆ.

ಈ ಅನುಕೂಲದ ಜೊತೆ ಬಂದ ದೊಡ್ಡ ಅಪಾಯ ಎಂದರೆ, ದೂರದಲ್ಲಿರುವವನಿಗೆ ಪಂಪಿನ ಬಳಿ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಒಬ್ಬರು ಫುಟ್‌ವಾಲ್ವ್ ಸರಿಮಾಡಲು ಬಾವಿಗೆ ಇಳಿದಿರುತ್ತಾರೆ, ಇನ್ನೊಬ್ಬರು ಪೇಟೆಯಿಂದ ಮೋಟಾರ್ ಹಾಕುತ್ತಾರೆ. ನಮ್ಮಲ್ಲಿ ಇಳಿಯುವವರು ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಂಡೇ ಇಳಿಯಬೇಕು ಎಂಬ ನಿಯಮ ಮಾಡಿಕೊಂಡಿದ್ದೇವೆ. ನಿಮ್ಮ ಸಂಪನ್ನು ತೊಳೆಯಲು ಯಾರಾದರೂ ಇಳಿಯುತ್ತಾರಲ್ಲ ಮೇಡಂ, ಅವತ್ತು ಮೊಬೈಲಿನ ಆಫ್ ಗುಂಡಿಯನ್ನು ನಂಬಬೇಡಿ. ಪ್ಯಾನಲ್ಲಿನ ಮುಂದೆ ಕೈಯಿಂದ ತಿರುಗಿಸಿ ಬೀಗ ಹಾಕಬಹುದಾದ ಮೇನ್ ಸ್ವಿಚ್ ಇರಲಿ, ಬೀಗದ ಕೈ ಇಳಿದವರ ಬಳಿಯೇ ಇರಲಿ.

ಸಂಜೆ ತರಗತಿ, ತುಮಕೂರು

ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ರಿಲೇ, ಕಾಂಟ್ಯಾಕ್ಟರ್ ಎಲ್ಲ ಬಿಟ್ಟು ಚಲಿಸುವ ಭಾಗವಿಲ್ಲದ, ಸೆಮಿಕಂಡಕ್ಟರ್‌ನ ಸಾಲಿಡ್ ಸ್ಟೇಟ್ ರಿಲೇ ಬಳಸಬಾರದೇ? ಸದ್ದಿಲ್ಲ, ಸವೆತವಿಲ್ಲ, 40 ಆಂಪಿಯರ್‌ನದ್ದು ಅಗ್ಗದಲ್ಲಿ ಸಿಗುತ್ತದೆ. ಜೊತೆಗೆ ಫ್ಯಾನಿನ ವೇಗವನ್ನೂ ಕಂಪ್ಯೂಟರ್‌ನಿಂದ ಬದಲಾಯಿಸಬೇಕೆಂದಿದ್ದೇನೆ.

ಪ್ರಯೋಗಶಾಲೆ, ದಾವಣಗೆರೆ

ಹೀಟರ್‌ಗೆ, ಪದೇ ಪದೇ ಹಾಕಿ ತೆಗೆಯುವ ಕೆಲಸಕ್ಕೆ ಅದು ಚೆನ್ನ. ನೀರಿನ ಪಂಪಿಗೆ ನಾನು ಒಪ್ಪುವುದಿಲ್ಲ. ಮೊದಲ ಕಾರಣ, ಅದು ಕೆಟ್ಟರೆ ಬಹುಪಾಲು ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಆನ್ ಸ್ಥಿತಿಯಲ್ಲಿ. ಎರಡನೆಯದು, ಆಫ್ ಇದ್ದಾಗಲೂ ಕೆಲವು ಮಿಲಿಆಂಪಿಯರ್ ಸೋರುತ್ತದೆ. ಎಲ್‌ಇಡಿ ಬಲ್ಬ್ ಹಾಕಿದರೆ ಮಂಕಾಗಿ ಮಿನುಗುವುದು ಇದರಿಂದಲೇ, ತಂತಿ ಮುಟ್ಟಿದವರಿಗೆ ಶಾಕ್ ಹೊಡೆಯುವುದೂ ಇದರಿಂದಲೇ. ಮೂರನೆಯದು ಬಿಸಿ. ಆನ್ ಇದ್ದಾಗ ಅದರ ಮೇಲೆ ಒಂದು ವೋಲ್ಟಿಗಿಂತ ಹೆಚ್ಚು ಉಳಿಯುತ್ತದೆ. 10 ಆಂಪಿಯರ್ ಹರಿದರೆ ಹತ್ತು ವ್ಯಾಟ್‌ಗೂ ಮೀರಿದ ಬಿಸಿ. ಹೀಟ್‌ಸಿಂಕ್ ಇಲ್ಲದೆ ಅದರ ಮೇಲೆ ಬರೆದ 40 ಆಂಪಿಯರ್‌ಗೆ ಅರ್ಥವಿಲ್ಲ.

ಫ್ಯಾನಿನ ವಿಷಯ. ನಮ್ಮ 50 ಹರ್ಟ್ಸ್ ಸಪ್ಲೈನಲ್ಲಿ ವೋಲ್ಟೇಜ್ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಸೊನ್ನೆಯನ್ನು ದಾಟುತ್ತದೆ. ದಾಟಿದ ಮೇಲೆ ಎಷ್ಟು ತಡವಾಗಿ ಟ್ರಯಾಕ್ (ಎಸಿಗೆ ಬಳಸುವ ಸೆಮಿಕಂಡಕ್ಟರ್ ಸ್ವಿಚ್) ಹೊತ್ತಿಸುತ್ತೀರಿ ಎಂಬುದರ ಮೇಲೆ ವೇಗ. ಇದಕ್ಕೆ ಟ್ರಯಾಕನ್ನು ಹೊತ್ತಿಸುವ ಚಿಪ್ ಎಂಒಸಿ3021 ಆಗಬೇಕು. ಎಂಒಸಿ3041 ಹಾಕಿದರೆ ಅದು ಸೊನ್ನೆ ದಾಟುವಾಗ ಮಾತ್ರ ಹೊತ್ತುತ್ತದೆ, ವೇಗ ಬದಲಾಗುವುದಿಲ್ಲ. ಎರಡೂ ಆರು ಕಾಲಿನ ಒಂದೇ ಥರದ ಚಿಪ್, ಅಂಗಡಿಯಲ್ಲಿ ಅದಲುಬದಲಾಗುವುದುಂಟು.

ಆದರೂ ಲಿನಕ್ಸ್ ಓಡಿಸುವ ಪೈಯಿಂದ ಈ ಸಮಯಪಾಲನೆ ಬೇಡ. ಮಿಲಿಸೆಕೆಂಡಿನ ಭಾಗಗಳಲ್ಲಿ ಅದು ತಪ್ಪುತ್ತದೆ, ಫ್ಯಾನ್ ಗುಂಯ್‌ಗುಡುತ್ತದೆ. ಮನೆಯ, ಹಂತ ಹಂತವಾಗಿ ವೇಗ ಬದಲಿಸುವ ರೆಗ್ಯುಲೇಟರ್‌ಗಳಲ್ಲಿ ಇರುವ ಕೆಪಾಸಿಟರ್ ಪದ್ಧತಿಯನ್ನೇ ರಿಲೇಗಳಿಂದ ಮಾಡಿ. 2.2 ಮತ್ತು 3.3 ಮೈಕ್ರೋಫ್ಯಾರಡ್ ಎರಡು ಕೆಪಾಸಿಟರ್. ಒಂದು, ಇನ್ನೊಂದು, ಎರಡೂ ಸೇರಿ, ನೇರ ಎಂದು ಮೂರು ರಿಲೇಗಳಲ್ಲಿ ನಾಲ್ಕು ವೇಗ ಸಿಗುತ್ತದೆ. ಪ್ರತಿಯೊಂದಕ್ಕೂ ಸರಣಿಯಲ್ಲಿ ಒಂದೆರಡು ಓಮ್ ರೆಸಿಸ್ಟರ್, ಅಡ್ಡಲಾಗಿ ಚಾರ್ಜ್ ಇಳಿಸುವ ದೊಡ್ಡ ರೆಸಿಸ್ಟರ್ ಕಡ್ಡಾಯ.

ಅಂಗಳದ ದೀಪ, ಮೈಸೂರು

ದೀಪದ ರಿಲೇಯನ್ನು ಮೇಜಿನ ಮೇಲೆ 230 ವೋಲ್ಟ್ ಇಲ್ಲದೆ ಪರೀಕ್ಷಿಸುತ್ತಿದ್ದೇನೆ. ಆನ್ ಆಗುತ್ತದೆ, ಆಫ್ ಆದೇಶ ಕೊಟ್ಟಾಗ ಎಲ್‌ಇಡಿ ಮಂಕಾಗಿ ಉಳಿಯುತ್ತದೆ, ಕೆಲವೊಮ್ಮೆ ರಿಲೇ ಬಿಡುವುದಿಲ್ಲ. ಬೋರ್ಡ್ ಕೆಟ್ಟಿದೆಯೇ?

ಬರಿಗಾಲ ಬೆಸುಗೆ, ಶಿವಮೊಗ್ಗ

ಕೆಟ್ಟಿಲ್ಲ. ಆ ಬೋರ್ಡ್ ಇನ್‌ಪುಟ್ ಕೆಳಗಿಳಿದಾಗ ಆನ್ ಆಗುವಂಥದ್ದು. ನೀವು ವಿಸಿಸಿ ಎಂಬ ಸಪ್ಲೈ ಪಿನ್ನಿಗೆ 5 ವೋಲ್ಟ್ ಕೊಟ್ಟಿದ್ದೀರಿ, ಪೈಯ ಪಿನ್ ಮೇಲೇರಿದರೂ 3.3 ವೋಲ್ಟ್ ಮಾತ್ರ. ಉಳಿದ 1.7 ವೋಲ್ಟ್‌ನಲ್ಲಿ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಚಿಪ್) ಅರ್ಧ ಎಚ್ಚರವಾಗಿರುತ್ತದೆ. ಜೆಡಿ-ವಿಸಿಸಿ ಎಂದು ಬರೆದಿರುವ ಕಡೆ ಸಣ್ಣ ಜಂಪರ್ ಇದೆ, ಅದನ್ನು ಕೀಳಿ. ವಿಸಿಸಿಗೆ ಪೈಯ 3.3 ವೋಲ್ಟ್, ಜೆಡಿ-ವಿಸಿಸಿಗೆ 5 ವೋಲ್ಟ್ ಕೊಡಿ. ಒಂದೊಂದು ರಿಲೇ ಕಾಯಿಲ್ ಸುಮಾರು 70 ಮಿಲಿಆಂಪಿಯರ್ ಕುಡಿಯುತ್ತದೆ, ಆ 5 ವೋಲ್ಟ್ ಬೇರೆ ಅಡಾಪ್ಟರ್‌ನಿಂದ ಬಂದರೆ ಒಳ್ಳೆಯದು.

ಅಂದಹಾಗೆ, ಆಪ್ಟೋಕಪ್ಲರ್ ಇದೆಯಲ್ಲ, 230 ವೋಲ್ಟಿನಿಂದ ಕಾಪಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲಿ ಕಾಪಾಡುವುದು ರಿಲೇ ಒಳಗೆ ಕಾಯಿಲ್ ಮತ್ತು ಕಾಂಟ್ಯಾಕ್ಟ್ ನಡುವಿನ ಅಂತರ. ಅಂಗಡಿಯಲ್ಲಿ ಬೋರ್ಡನ್ನು ತಿರುಗಿಸಿ ನೋಡಿ: ಸ್ಕ್ರೂ ಟರ್ಮಿನಲ್‌ನ ತಾಮ್ರದ ಪಟ್ಟಿಗೂ ಕಾಯಿಲ್ ಕಡೆಯ ಪಟ್ಟಿಗೂ ಕನಿಷ್ಠ 6 ಮಿಲಿಮೀಟರ್ ದೂರ ಇರಬೇಕು, ನಡುವೆ ಸೀಳು ಕೊರೆದಿದ್ದರೆ ಇನ್ನೂ ಮೇಲು. 230 ಎಂಬುದು ಆರ್‌ಎಂಎಸ್ (ಪರಿಣಾಮಕಾರಿ ಮೌಲ್ಯದ) ಲೆಕ್ಕ, ತುದಿಯಲ್ಲಿ ಅದು 325 ವೋಲ್ಟ್ ಮುಟ್ಟುತ್ತದೆ. ತೂತುಗಳ ನಡುವೆ 2.54 ಮಿಲಿಮೀಟರ್ ಅಂತರವಿರುವ ಡಾಟ್ ಬೋರ್ಡ್ ಮೇಲೆ ಮೇನ್ಸ್ ತರುವುದನ್ನು ಯಾರೂ ಮಾಡಬಾರದು. ಮಲೆನಾಡಿನ ಮಳೆಗಾಲದ ತೇವದಲ್ಲಿ ಆ ಅಂತರ ಏನೂ ಅಲ್ಲ.

ಪೈ ಬದಲು ಇಎಸ್‌ಪಿ8266 ಎಂಬ ವೈಫೈ ಚಿಪ್ ಬಳಸುವವರಿಗೆ: ಜಿಪಿಐಓ ಪಿನ್ 0, 2, 15 ಬೂಟ್ ಸಮಯದಲ್ಲಿ ಬೇರೆ ಕೆಲಸದಲ್ಲಿರುತ್ತವೆ, ಜಿಪಿಐಓ 1ರಲ್ಲಿ ಬೂಟ್ ಸಂದೇಶ ಹರಿಯುತ್ತದೆ. ರಿಲೇಗೆ 4, 5, 12, 13, 14 ಸುರಕ್ಷಿತ.

ಕಡಲ ಗಾಳಿ, ಕುಂದಾಪುರ

ಡಬ್ಬಿಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಪ್ಯಾನಲ್ ಹಾಳಾಗುವುದು ಪ್ರೋಗ್ರಾಂನಿಂದ ಅಲ್ಲ, ಇರುವೆ, ಹಲ್ಲಿ, ಉಪ್ಪುಗಾಳಿಯಿಂದ. ಬೆಚ್ಚಗಿರುವ ಜಾಗ ಹುಡುಕಿ ಹಲ್ಲಿ ಬರುತ್ತದೆ, ಎರಡು ಟರ್ಮಿನಲ್‌ಗೆ ಅಡ್ಡಲಾಗಿ ಮಲಗುತ್ತದೆ. ಕಾಂಟ್ಯಾಕ್ಟರ್ ಒಳಗೆ ಇರುವೆ ಸೇರಿದರೆ ಅದು ಪೂರ್ತಿ ಕಚ್ಚದೆ ಗುಡುಗುಡು ಎನ್ನುತ್ತದೆ. ತಂತಿ ಒಳಬರುವ ಕಡೆಯಲ್ಲೆಲ್ಲ ಗ್ಲಾಂಡ್ (ತಂತಿಯ ಸುತ್ತ ಬಿಗಿಯಾಗಿ ಮುಚ್ಚುವ ಬಿರಡೆ) ಹಾಕಿ, ಖಾಲಿ ತೂತು ಒಂದೂ ಇರಬಾರದು. ಪೈ ಮತ್ತು ಮೇನ್ಸ್ ಒಂದೇ ಡಬ್ಬಿಯಲ್ಲಿದ್ದರೆ ನಡುವೆ ಅಡ್ಡಗೋಡೆ ಇರಲಿ. ಮೇನ್ಸ್ ಕಡೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಕಡಿಯುವ ಸ್ವಿಚ್) ಜೊತೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇರಲೇಬೇಕು. ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ.

ದೂರದ ಊರು, ಮ್ಯೂನಿಕ್

ನಾನು ಜರ್ಮನಿಯಲ್ಲಿದ್ದೇನೆ, ಊರು ಹಾಸನ. ಮೋಟಾರ್‌ಗೆ ಪ್ಯಾನಲ್ ಸರಿ. ಆದರೆ ಅಂಗಳದ ದೀಪಕ್ಕೆ ಸ್ವಂತ ರಿಲೇ ಏಕೆ? ನಮ್ಮ ದೇಶದ ಪ್ಲಗ್‌ಗೆ ಹೊಂದುವ, ಬಿಐಎಸ್ ಗುರುತಿರುವ ಸ್ಮಾರ್ಟ್ ಸ್ವಿಚ್ ಹಾಕಿ. ಟಾಸ್ಮೋಟಾ ಅಥವಾ ಇಎಸ್‌ಪಿಹೋಮ್ ಎಂಬ ಮುಕ್ತ ಸಾಫ್ಟ್‌ವೇರ್ ಓಡಿಸಬಲ್ಲದ್ದಾದರೆ ಮನೆಯಲ್ಲೇ ಓಡುವ ಹೋಮ್ ಅಸಿಸ್ಟೆಂಟ್ ಎಂಬ ನಿಯಂತ್ರಣ ಪ್ರೋಗ್ರಾಂಗೆ ಸೇರಿಸಬಹುದು, ಯಾವ ಕಂಪನಿಯ ಸರ್ವರ್ ಕೂಡ ಬೇಕಾಗಿಲ್ಲ. ಇಲ್ಲಿಯ ಪ್ಲಗ್ಗನ್ನು ಎರಡೂ ಕಡೆಯಿಂದ ಚುಚ್ಚಬಹುದು, ಫೇಸ್ ಯಾವುದು ಎಂಬುದೇ ಖಚಿತವಿಲ್ಲ. ಹಾಗಾಗಿ ನಾನು ಎರಡೂ ತಂತಿ ಕಡಿಯುವ ಸಾಧನವನ್ನೇ ಆರಿಸುತ್ತೇನೆ. ಊರಿನಲ್ಲಿ ಮೂರು ಪಿನ್ನಿನ ಪ್ಲಗ್ ಇರುವುದರಿಂದ ಆ ಗೊಂದಲವಿಲ್ಲ, ಸಾಕೆಟ್‌ನಲ್ಲಿ ಫೇಸ್ ಬಲಗಡೆ ಬಂದಿದೆಯೇ ಎಂದು ನೋಡಿಸಿಕೊಂಡರೆ ಆಯಿತು.

ಸ್ಮಾರ್ಟ್ ಪ್ಲಗ್ ಬಿಚ್ಚಿ ಸಾಫ್ಟ್‌ವೇರ್ ಬದಲಿಸುವವರಿಗೆ ಕೈಮುಗಿದು ಹೇಳುತ್ತೇನೆ: ಅಗ್ಗದ ಪ್ಲಗ್‌ಗಳ ಒಳಗಿನ 3.3 ವೋಲ್ಟ್ ಸಪ್ಲೈ ಮೇನ್ಸ್‌ನಿಂದ ಪ್ರತ್ಯೇಕವಾಗಿರುವುದಿಲ್ಲ. ಗೋಡೆಗೆ ಚುಚ್ಚಿದ ಸ್ಥಿತಿಯಲ್ಲಿ ಯುಎಸ್‌ಬಿ ಸೀರಿಯಲ್ ತಂತಿ ಸೇರಿಸಿದರೆ ಲ್ಯಾಪ್‌ಟಾಪೂ ಹೋಗುತ್ತದೆ, ಅದನ್ನು ಮುಟ್ಟಿದವರೂ ಉಳಿಯುವುದಿಲ್ಲ. ಹಾಗೆಯೇ ಪೈಯನ್ನು ಇಂಟರ್ನೆಟ್‌ಗೆ ನೇರ ತೆರೆಯಬೇಡಿ. ಹೊರಗಿನಿಂದ ಬೇಕಿದ್ದರೆ ವೈರ್‌ಗಾರ್ಡ್ ಎಂಬ ವಿಪಿಎನ್ (ಗೂಢಲಿಪಿಯ ಖಾಸಗಿ ದಾರಿ) ಮೂಲಕ ಬನ್ನಿ.

ಬರಿಗಾಲ ಬೆಸುಗೆ, ಶಿವಮೊಗ್ಗ

ದೀಪಕ್ಕೆ ಸಿದ್ಧ ಸ್ವಿಚ್ ಎಂಬುದಕ್ಕೆ ನನ್ನ ಒಪ್ಪಿಗೆ ಇಲ್ಲ. ದೀಪ ಸಣ್ಣ ಲೋಡ್, ಕಲಿಯಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಒಳ್ಳೆಯ ಡಬ್ಬಿ, 1.5 ಚದರ ಮಿಲಿಮೀಟರ್ ತಂತಿ, ತುದಿಗೆ ಫೆರೂಲ್ (ತಂತಿಯ ಎಳೆಗಳನ್ನು ಹಿಡಿಯುವ ಲೋಹದ ಕೊಳವೆ), ಮೊದಲಲ್ಲಿ ಫ್ಯೂಸ್. ಇಷ್ಟು ಶಿಸ್ತು ದೀಪದಲ್ಲಿ ಕೈಗೆ ಬಂದರೆ ಮುಂದೆ ಯಾವುದನ್ನೂ ಅರ್ಧಕ್ಕೆ ಬಿಡುವ ಮನಸ್ಸಾಗುವುದಿಲ್ಲ. ಉಳಿದ ಎಚ್ಚರಿಕೆಗಳೆಲ್ಲ ನೂರಕ್ಕೆ ನೂರು ಸರಿ.

ಅಂಗಳದ ದೀಪ, ಮೈಸೂರು

ಜಂಪರ್ ಕಿತ್ತ ಮೇಲೆ ರಿಲೇ ಸರಿಯಾಗಿ ಬಿಡುತ್ತಿದೆ. ಈಗ ನೀರಿನ ಮಟ್ಟ. ಟ್ಯಾಂಕಿನ ಮುಚ್ಚಳಕ್ಕೆ ಹೆಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದರೆ ಸಾಕೇ?

ಪ್ರಯೋಗಶಾಲೆ, ದಾವಣಗೆರೆ

ಅದರ ಕಣ್ಣುಗಳು ತೆರೆದಿವೆ, ಟ್ಯಾಂಕಿನ ಆವಿ ಹನಿಗಟ್ಟಿ ಬೇಗ ಹಾಳಾಗುತ್ತದೆ. ನೀರು ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ಹಾಕಿ. ಅದಕ್ಕೆ 20-25 ಸೆಂಟಿಮೀಟರ್ ಒಳಗಿನದು ಕಾಣುವುದಿಲ್ಲ, ಪೂರ್ಣ ಮಟ್ಟಕ್ಕಿಂತ ಅಷ್ಟು ಮೇಲೆ ಕೂರಿಸಬೇಕು.

ಆದರೆ ಸೆನ್ಸರ್ ಇರುವುದು ಕಂಪ್ಯೂಟರ್‌ಗೆ ತಿಳಿಯಲಿ ಎಂದು ಮಾತ್ರ. ಸಂಪಿನ ತಳದಲ್ಲಿ ಒಂದು, ಟ್ಯಾಂಕಿನ ಬಾಯಲ್ಲಿ ಒಂದು ತೇಲುವ ಸ್ವಿಚ್ ಹಾಕಿ, ಅವುಗಳ ಮಾತು ಪೈಯನ್ನು ಕೇಳದೆ ನೇರ ಕಾಯಿಲ್ ತನಕ ಹೋಗಲಿ. ನೀರಿನೊಳಗೆ 230 ವೋಲ್ಟ್ ಇಳಿಸಬೇಡಿ. 12 ವೋಲ್ಟಿನಲ್ಲಿ ಸ್ವಿಚ್‌ಗಳು, ಆ 12 ವೋಲ್ಟ್ ಒಂದು ರಿಲೇಯನ್ನು ಹಿಡಿಯಲಿ, ಅದರ ಕಾಂಟ್ಯಾಕ್ಟ್ ಅನುಮತಿ ರಿಲೇ ಜೊತೆ ಸರಣಿಯಲ್ಲಿ. ಕಂಪ್ಯೂಟರ್ ಕೇಳಿಕೊಳ್ಳಬಹುದು. ಬೇಡ ಎನ್ನುವ ಅಧಿಕಾರ ತೇಲುವ ಸ್ವಿಚ್, ಓವರ್‌ಲೋಡ್, ಕೆಂಪು ಗುಂಡಿ ಇವುಗಳದ್ದು.

ಮೋಟಾರ್ ತಂತಿಗೆ ಎಸ್‌ಸಿಟಿ-013 ಕರೆಂಟ್ ಸೆನ್ಸರ್ ಕಚ್ಚಿಸಿ, ಫೇಸ್ ಒಂದನ್ನೇ ಸುತ್ತುವರಿಯುವಂತೆ. ತಂತಿ ಕತ್ತರಿಸಬೇಕಿಲ್ಲ. ಪೈಗೆ ಅನಲಾಗ್ ಪಿನ್ ಇಲ್ಲದ್ದರಿಂದ ನಡುವೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಎಡಿಸಿ ಚಿಪ್ ಬೇಕಾಗುತ್ತದೆ. ಆದೇಶ ಕೊಟ್ಟದ್ದು ಬೇರೆ, ನಿಜವಾಗಿ ನಡೆದದ್ದು ಬೇರೆ. ಕರೆಂಟ್ ಅಳೆದರೆ ಎರಡನೆಯದು ತಿಳಿಯುತ್ತದೆ. ಮೋಟಾರ್ ನೀರಿಲ್ಲದೆ ತಿರುಗಿದರೆ ಆಂಪಿಯರ್ ಇಳಿಯುತ್ತದೆ, ಕಾಂಟ್ಯಾಕ್ಟ್ ಅಂಟಿದ್ದರೆ ಆಫ್ ಆದ ಮೇಲೂ ಆಂಪಿಯರ್ ಕಾಣುತ್ತದೆ.

ಅಂಗಳದ ದೀಪ, ಮೈಸೂರು

ಬಹಳ ಸ್ಪಷ್ಟವಾಯಿತು. ಪ್ಯಾನಲ್ಲಿನ ಮೇನ್ಸ್ ಭಾಗವನ್ನು ನಮ್ಮೂರಿನ ಪರವಾನಗಿ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸುತ್ತೇನೆ, 12 ವೋಲ್ಟ್‌ನಿಂದ ಕೆಳಗಿನದು ನನ್ನದು. ಕೊನೆಯದಾಗಿ ಒಂದು: ಪೈ ಕೆಟ್ಟ ದಿನ ನಾನು ಕಚೇರಿಯಲ್ಲಿರುತ್ತೇನೆ. ಅತ್ತೆಯವರು ನೀರು ಏರಿಸುವುದು ಹೇಗೆ?

ಪ್ಯಾನಲ್ ಬೋರ್ಡ್, ಹುಬ್ಬಳ್ಳಿ

ಮೂರು ಸ್ಥಾನದ ಸೆಲೆಕ್ಟರ್ ಸ್ವಿಚ್ ಹಾಕಿಸಿ ಮೇಡಂ: ಕಂಪ್ಯೂಟರ್, ಬಂದ್, ಕೈ. ಕನ್ನಡದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ‘ಕೈ’ಗೆ ತಿರುಗಿಸಿದಾಗ ಅನುಮತಿ ರಿಲೇ ಮಾತ್ರ ಬದಿಗೆ ಸರಿಯಬೇಕು. ತೇಲುವ ಸ್ವಿಚ್‌ಗಳು, ಓವರ್‌ಲೋಡ್ ಆಗಲೂ ದಾರಿಯಲ್ಲೇ ಇರಬೇಕು. ಅತ್ತೆಯವರು ಹಸಿರು ಗುಂಡಿ ಒತ್ತುತ್ತಾರೆ, ಟ್ಯಾಂಕ್ ತುಂಬಿದಾಗ ತಾನಾಗಿ ನಿಲ್ಲುತ್ತದೆ. ವೈರ್‌ಮನ್‌ಗೆ ಈ ಚರ್ಚೆಯನ್ನೇ ತೋರಿಸಿ.

ಮೋಟಾರ್ ಸೇರಿಸುವ ಮುಂಚೆ ಅದರ ಜಾಗದಲ್ಲಿ 60 ವ್ಯಾಟಿನ ಹಳೆಯ ಬಲ್ಬ್ ಹಾಕಿ ಪರೀಕ್ಷಿಸಿ. ಬಲ್ಬ್ ಉರಿಯುತ್ತಿರುವಾಗ ಪೈಯ ಅಡಾಪ್ಟರ್ ಕೀಳಿ. ಮತ್ತೆ ಹೊರಡಿಸಿ, ಈ ಸಲ ಪ್ರೋಗ್ರಾಂ ಅನ್ನು ಮಧ್ಯದಲ್ಲಿ ಕೊಲ್ಲಿ. ಆಮೇಲೆ ಒಂದೊಂದು ತೇಲುವ ಸ್ವಿಚ್ಚನ್ನು ಕೈಯಿಂದ ಎತ್ತಿ, ಇಳಿಸಿ. ಕೊನೆಗೆ ಮೇನ್ ಸ್ವಿಚ್ ತೆಗೆದು ಹಾಕಿ, ಬಲ್ಬ್ ತಾನಾಗಿ ಹೊತ್ತಬಾರದು.

ಅಂಗಳದ ದೀಪ, ಮೈಸೂರು

ಅಡಾಪ್ಟರ್ ಕಿತ್ತ ಮೇಲೆ ಎಷ್ಟು ಹೊತ್ತು ಕಾಯಬಹುದು?

ಪ್ರಯೋಗಶಾಲೆ, ದಾವಣಗೆರೆ

ಎರಡು ಸೆಕೆಂಡು. ಐದಾದರೂ ಬಲ್ಬ್ ಉರಿಯುತ್ತಿದ್ದರೆ ಎರಡನೇ ಕೆಪಾಸಿಟರ್ ಚಿಕ್ಕದು ಮಾಡಿ, ಮತ್ತೆ ಮೊದಲಿನಿಂದ ಪರೀಕ್ಷಿಸಿ. ಫಲಿತಾಂಶವನ್ನು ಇಲ್ಲಿ ಬರೆಯಿರಿ, ಸರ್ಕ್ಯೂಟಿನ ಚಿತ್ರವನ್ನೂ ಹಾಕಿ. ತುಮಕೂರಿನ ವಿದ್ಯಾರ್ಥಿಗೂ ಬೇಕಾಗುತ್ತದೆ.